ಅಮ್ಮನ ಕಾಯಿಲೆಯ ಕುರಿತು ನಮ್ಮ ಮನೆಯ ಮೀಟರ್ ಮಹನೀಯರಿಗೆ

ನಮ್ಮ ಮುಂಬಾಗಿಲ ಪಕ್ಕದ ಗೋಡೆಯಲ್ಲಿ, ಚಪ್ಪಲಿಗಳ ನೇರಕ್ಕೆ ಆಳೆತ್ತರದಲ್ಲಿ ವಿರಾಜಮಾನರಾಗಿ, ಒಂದೇ ಕೆಂಪು ಕಣ್ಣಿನಿಂದ ಇಡೀ ಸಂಸಾರವನ್ನು ಕಾಯುತ್ತಿರುವ ಶ್ರೀ ಪ್ರೀಪೇಯ್ಡ್ ವಿದ್ಯುತ್ ಮೀಟರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕೆಂಪು ದೀಪ ಮಿನುಗುತ್ತಿರುವುದನ್ನು ಈಗಷ್ಟೇ ನೋಡಿ ಬಂದದ್ದರಿಂದ ನಮ್ಮ ಕ್ಷೇಮವನ್ನು ತಾವು ವಿಚಾರಿಸುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಪತ್ರದ ಭಾಷೆ ತುಸು ಜರಿ ಅಂಚಿನದಾಗಿ ಕಂಡರೆ ಮನ್ನಿಸಬೇಕು. ನಾನು ಮದುವೆ ಕರೆಯೋಲೆಗಳನ್ನು ಅಚ್ಚುಹಾಕುವ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು, ಹರೆಯದಿಂದ ಇಂದಿನವರೆಗೂ ಊರಿನವರನ್ನೆಲ್ಲ ಸಕುಟುಂಬ ಸಪರಿವಾರ ಸಮೇತರಾಗಿ ಬನ್ನಿರೆಂದು ಕರೆದೂ ಕರೆದೂ ಕೈ ಹಾಗೇ ತಿರುಗಿಹೋಗಿದೆ, ಈಗ ಯಾರನ್ನಾದರೂ ಬೈಯಲು ಕುಳಿತರೂ ಆಮಂತ್ರಣವೇ ಬರುತ್ತದೆ. ಜನ ಮದುವೆಗೂ ಫೋನಿನಲ್ಲೇ ಕರೆಯುವುದನ್ನು ಕಲಿತ ಮೇಲೆ ನಮ್ಮ ಯಜಮಾನರು "ಕೆಲಸ ಬಂದಾಗ ಹೇಳಿ ಕಳಿಸ್ತೀನಪ್ಪ, ಅಲ್ಲೀತನಕ ಆರಾಮಾಗಿರು" ಎಂದು ನನಗೆ ಆರಾಮವನ್ನು ಕರುಣಿಸಿದ್ದಾರೆ. ಆ ಆರಾಮದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ತಮಗಿಂತ ಮುಂಚೆ ಈ ಗೋಡೆಯಲ್ಲಿದ್ದ ಹಳೆಯ ಮೀಟರು ಬಾಯಿಲ್ಲದ ಪ್ರಾಣಿ. ಮೊದಲು ಉರಿಸಿಕೊಳ್ಳಿ, ತಿಂಗಳಾದ ಮೇಲೆ ನೋಡೋಣ ಎನ್ನುವ ಹಳೇ ಕಾಲದ ಸಂಕೋಚದ್ದು. ತಾವು ಹಾಗಲ್ಲ. ಮುಂಗಡ ಹಾಕಿಸಿಕೊಂಡ ಮೇಲೆಯೇ ಬೆಳಕು ಕೊಡುತ್ತೀರಿ, ಮುಂಗಡ ತಳ ಮುಟ್ಟಿತೆಂದರೆ ಕಾಲು ಗಂಟೆಗೊಮ್ಮೆ 'ಪೀಂ' ಎಂದು ಕೂಗಿ ಮನೆಯವರಿಗೆ ಮಾತ್ರವಲ್ಲದೆ ಗೋಡೆಯಾಚೆಯವರಿಗೂ ವಿಷಯ ಮುಟ್ಟಿಸುತ್ತೀರಿ. ದುಡ್ಡಿದ್ದವರ ಮನೆಯಲ್ಲಿ ತಾವು ಮೌನಿ. ಅವರಿಗೆ ತಮ್ಮ ದನಿ ಹೇಗಿದೆಯೆಂಬುದೇ ಗೊತ್ತಿಲ್ಲ. ತಮ್ಮ ಸಂಗೀತವನ್ನು ಕೇಳುವ ಭಾಗ್ಯ ನಮ್ಮಂಥ ಕೆಲವರಿಗಷ್ಟೇ ಎಂದು ಮೇಲಿನವರು ನಿಗದಿ ಮಾಡಿರುವುದು ನಮ್ಮ ಮೇಲಿನ ವಿಶೇಷ ಅಭಿಮಾನದಿಂದಲೇ ಇರಬೇಕು.

ತಮ್ಮ ಮನಸ್ಸಿಗೆ ನೋವಾಗದಿರಲೆಂದು ನಾವು ಮಾಡದ ಪ್ರಯತ್ನವಿಲ್ಲ. ಫ್ರಿಜ್ಜನ್ನು ಆರಿಸಿ ಅದರಲ್ಲಿ ಹೊಲಿಗೆಯ ಬಟ್ಟೆ ಮಡಚಿಟ್ಟಿದ್ದೇವೆ, ಇಲಿ ಕಡಿಯದಂತೆ ಕಾಯಲು ಅದಕ್ಕಿಂತ ಒಳ್ಳೆಯ ಕಪಾಟು ಇನ್ನೊಂದಿಲ್ಲ. ಮನೆಗೆಲ್ಲ ಇರುವುದು ಒಂದೇ ಬಲ್ಬು. ಅಡುಗೆ ಮುಗಿದ ಕೂಡಲೇ ಅದನ್ನು ಒರಸುಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಯಾರುವ ಮೊದಲೇ ಹೊಲಿಗೆಯ ಕೋಣೆಗೆ ಸಾಗಿಸುತ್ತೇನೆ, ಆ ಹೊತ್ತಿಗೆ ಕತ್ತಲೆಯಲ್ಲಿ ಯಾರೂ ಅಲುಗಾಡಕೂಡದೆಂಬುದು ಮನೆಯ ಕಾನೂನು. ಚಹಾದ ಪುಡಿಗೆ ಎರಡನೆಯ ಸಲವೂ ಸೇವೆ ಸಲ್ಲಿಸಲು ಅವಕಾಶ ಕೊಡುತ್ತೇವೆ. ಇಷ್ಟಾದರೂ ತಾವು ಕೂಗುತ್ತೀರಿ. ಕೂಗುವುದು ತಮ್ಮ ಕಸುಬು, ಅದಕ್ಕೆ ನಾನು ಅಡ್ಡಿ ಬರುವವನಲ್ಲ. ಆದರೆ ಕೂಗುವ ಮುಂಚೆ ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ಇಣುಕಿ ನೋಡುವ ರೂಢಿಯನ್ನಾದರೂ ತಾವು ಬೆಳೆಸಿಕೊಂಡಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಪಕ್ಕದ ಮನೆಯಲ್ಲಿರುವ ಟೀಚರಮ್ಮನ ಶಾಲೆಯಲ್ಲಿ ಮಕ್ಕಳ ಯೂನಿಫಾರಂ ಹೊಲಿಸುವ ಜವಾಬ್ದಾರಿ ಈ ವರ್ಷ ಆ ಟೀಚರಮ್ಮನದೇ. ಅವರು ಯಾರ ಕಡೆ ಬೆರಳು ತೋರಿಸುತ್ತಾರೋ ಅವರಿಗೆ ಆರ್ಡರು. ಅದು ಸಿಕ್ಕರೆ ನಮ್ಮ ಮನೆ ನಡೆಯುತ್ತದೆ. ಸಿಗದಿದ್ದರೆ ನಡೆಯುವವರು ನಾವು, ಮನೆ ಖಾಲಿ ಮಾಡಿಕೊಂಡು. ಟೀಚರಮ್ಮ ಒಳ್ಳೆಯವರು, ಆದರೆ ಲೆಕ್ಕಾಚಾರದವರು. ಶಾಲೆ ತೆರೆಯುವ ದಿನಕ್ಕೆ ಬಟ್ಟೆ ಕೈಗೆ ಬರದಿದ್ದರೆ ಮಾತು ಕೇಳಬೇಕಾದವರು ಅವರು. ಮೋಟಾರಿನಿಂದ ಓಡುವ ಹೊಲಿಗೆ ಯಂತ್ರ, ಕರೆಂಟಿಗೆ ಗತಿಯಿಲ್ಲದ ಮನೆ, ಇವೆರಡನ್ನೂ ಒಟ್ಟಿಗೆ ನೋಡಿದ ಯಾರೂ ನಮಗೆ ಆರ್ಡರು ಕೊಡುವುದಿಲ್ಲ. "ಕಷ್ಟ ಇದ್ರೆ ಇರ್ಲಿ, ಗೋಡೆ ಆಚೆ ಹೋಗ್ಬಾರ್ದು ಅಷ್ಟೆ" ಎಂದು ನನ್ನ ಹೆಂಡತಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು.

ಟೀಚರಮ್ಮ ಮಾದರಿಯ ಅಂಗಿಯೊಂದನ್ನು ಹಿಡಿದು ಮಾತುಕತೆಗೆಂದು ಬಂದು ಕುಳಿತ ಮಧ್ಯಾಹ್ನವನ್ನೇ ತಾವು ಆರಿಸಿಕೊಂಡಿರಿ. ತಾವು 'ಪೀಂ' ಎಂದಿರಿ. ಹೆಂಡತಿಯ ಕತ್ತರಿ ಬಟ್ಟೆಯ ಮಧ್ಯೆ ನಿಂತಿತು, ನಾನು ಗೋಡೆಯ ಕಡೆ ನೋಡದಿರಲು ಪಟ್ಟ ಪಾಡು ದೇವರಿಗೇ ಗೊತ್ತು. ಟೀಚರಮ್ಮ "ಏನದು ಸದ್ದು?" ಎಂದು ಕೇಳುವುದಕ್ಕೂ, ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನನ್ನ ಅಮ್ಮ "ನನ್ನ ಮಾತ್ರೆ ಟೈಮಮ್ಮ, ಮಗ ಅಲಾರಂ ಇಟ್ಟಿದಾನೆ" ಎನ್ನುವುದಕ್ಕೂ ಸರಿಹೋಯಿತು. ಹೇಳಿದ್ದಷ್ಟೇ ಅಲ್ಲ, ಡಬ್ಬಿಯಿಂದ ಒಂದು ಬಿಳಿ ಅಂಗಿಗುಂಡಿ ತೆಗೆದು ಬಾಯಿಗೆ ಹಾಕಿಕೊಂಡು, ಮೇಲೆ ನೀರು ಕುಡಿದು, ಕಹಿಗೆ ಮುಖ ಹಿಂಡಿದಳು. ಎಪ್ಪತ್ತು ದಾಟಿದ ನನ್ನ ತಾಯಿಯಲ್ಲಿ ಇಂಥ ಕಲೆಯಿದೆಯೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದನ್ನು ಹೊರತಂದ ಕೀರ್ತಿ ತಮ್ಮದು.

ಅಲ್ಲಿಗೆ ತಾವು ತೃಪ್ತರಾಗಿ ಸುಮ್ಮನಾಗಬಹುದಿತ್ತು. ಟೀಚರಮ್ಮ ಅಳತೆ, ಬಣ್ಣ, ಜೇಬು ಎಂದು ಮಾತು ಮುಂದುವರಿಸಿದಷ್ಟೂ ತಾವು ಕಾಲು ಗಂಟೆಗೊಮ್ಮೆ ತಪ್ಪದೆ ಕೂಗಿದಿರಿ, ಅಮ್ಮ ಒಂದೊಂದು ಕೂಗಿಗೂ ಒಂದೊಂದು ಗುಂಡಿಯನ್ನು ದವಡೆಯ ಮೂಲೆಗೆ ಸೇರಿಸುತ್ತಾ ಹೋದಳು. ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ಅಜ್ಜಿ, ಇಷ್ಟೊಂದು ಮಾತ್ರೆ ಬರ್ಕೊಟ್ಟ ಡಾಕ್ಟ್ರು ಯಾರು?" ಎಂದರು. "ದೊಡ್ಡ ಡಾಕ್ಟ್ರಮ್ಮ, ಹೆಸ್ರು ಬಾಯಿಗೆ ಬರಲ್ಲ" ಎಂದಳು ಅಮ್ಮ, ಬಾಯಿ ತುಂಬ ಗುಂಡಿಯಿದ್ದವಳಿಗೆ ಹೆಸರು ಬರುವುದಾದರೂ ಹೇಗೆ. ಅವರು ಹೋದ ಮೇಲೆ ನನ್ನ ಹೆಂಡತಿ ಗುಂಡಿಗಳನ್ನು ತೊಳೆದು ಎಣಿಸಿ, "ಅತ್ತೆ, ಒಂದು ಕಡಿಮೆ ಬರ್ತಿದೆ" ಎಂದಳು. "ಬರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ" ಎಂದು ಅಮ್ಮ ಸಮಾಧಾನ ಹೇಳಿದಳು.

ಮಾರನೆಯ ದಿನದಿಂದ ಕಟ್ಟಡದವರೆಲ್ಲ ಅಮ್ಮನನ್ನು ನೋಡಲು ಬರತೊಡಗಿದರು. ಬರಿಗೈಲಿ ಯಾರೂ ಬರಲಿಲ್ಲ, ಬ್ರೆಡ್ಡು, ಕಿತ್ತಳೆ, ಒಬ್ಬರಂತೂ ಬಿಸಿನೀರಿನ ರಬ್ಬರ್ ಚೀಲವನ್ನೇ ತಂದುಕೊಟ್ಟರು. ಆದರೆ ಬಂದವರಿಗೆ ಚಹಾ ಕೊಡಬೇಕಲ್ಲ, ಸಕ್ಕರೆಯ ಡಬ್ಬಿ ವಾರದೊಳಗೆ ತಳ ಕಂಡಿತು. ಅಮ್ಮನೋ ಕಾಯಿಲೆಯ ರುಚಿ ಕಂಡುಬಿಟ್ಟಳು. ಬೆಳಿಗ್ಗೆ ಗುಂಡಿ ಹಚ್ಚುತ್ತಿದ್ದವಳು ದಿಂಬಿಗೊರಗಿ ಕಿತ್ತಳೆ ಬಿಡಿಸುತ್ತಾ, ಯಾರು ಚೆನ್ನಾಗಿ ಮರುಗಿದರು, ಯಾರು ಕಾಟಾಚಾರಕ್ಕೆ ಮರುಗಿದರು ಎಂದು ವಿಮರ್ಶೆ ಮಾಡುವ ಮಟ್ಟಕ್ಕೆ ಏರಿದಳು. ಈ ಗದ್ದಲದ ನಡುವೆ ತಾವು ಕೂಗಿದಾಗಲೆಲ್ಲ ಬಂದವರೇ ನೀರಿನ ಲೋಟ ಎತ್ತಿಕೊಟ್ಟು "ಮಾತ್ರೆ, ಮಾತ್ರೆ" ಎನ್ನುತ್ತಿದ್ದರು. ತಮಗೆ ಇಷ್ಟು ಮರ್ಯಾದೆ ಸಿಕ್ಕ ಮನೆ ಬೇರೊಂದಿರಲಾರದು.

ಆಮೇಲೆ ಟೀಚರಮ್ಮ ಬಂದರು. ನನ್ನ ಹೆಂಡತಿಯ ಕೈ ಹಿಡಿದುಕೊಂಡು, ನಿಜವಾದ ಕನಿಕರದಿಂದ, "ಅತ್ತೇನ ಇಷ್ಟು ಚೆನ್ನಾಗಿ ನೋಡ್ಕೊಳ್ತಿದೀಯ. ಇದರ ಮಧ್ಯೆ ಯೂನಿಫಾರಂ ಎಲ್ಲಿ ಹೊಲೀತೀಯಮ್ಮ? ಈ ವರ್ಷ ಬೇರೆಯವರಿಗೆ ಹೇಳ್ತೀನಿ, ನೀನು ತಲೆ ಕೆಡಿಸ್ಕೋಬೇಡ" ಎಂದರು. ಗಮನಿಸಬೇಕು, ಮಾನ್ಯರೇ: ಆರ್ಡರು ಕೈತಪ್ಪಬಾರದೆಂದು ಹೂಡಿದ ಕಾಯಿಲೆಯೇ ಆರ್ಡರನ್ನು ಎತ್ತಿಕೊಂಡು ಹೋಯಿತು. ಅವರು ಬೈದು ಹೋಗಿದ್ದರೆ ಜಗಳವಾಡಬಹುದಿತ್ತು. ಇಷ್ಟು ಅಕ್ಕರೆಯಿಂದ ಕಿತ್ತುಕೊಂಡದ್ದನ್ನು ವಾಪಸು ಕೇಳುವುದು ಹೇಗೆ?

ಅಮ್ಮ ಕೂಡಲೇ ಗುಣವಾಗಲು ಒಪ್ಪಿದಳು. ಕಿತ್ತಳೆ ಬಿಡುವುದು ಕಷ್ಟವಾದರೂ, ಮರುದಿನ ಟೀಚರಮ್ಮ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಸೆರಗು ಸಿಕ್ಕಿಸಿಕೊಂಡು, ತುಂಬಿದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಇಳಿದು ಮಾಡಿದಳು. ಟೀಚರಮ್ಮ ಹೌಹಾರಿ ಬಕೆಟ್ಟು ಕಿತ್ತುಕೊಂಡು, ಇಂಥ ಅಜ್ಜಿಯನ್ನು ಹೀಗೆ ಓಡಾಡಲು ಬಿಟ್ಟಿದ್ದಕ್ಕೆ ನನಗೆ ನಡುಮೆಟ್ಟಿಲಲ್ಲೇ ಮಂಗಳಾರತಿ ಎತ್ತಿದರು. ಬಕೆಟ್ಟಿನ ನೀರು ನನ್ನ ಕಾಲ ಮೇಲೆ ಚೆಲ್ಲಿತು.

ಕೊನೆಗೆ ಒಂದು ಸಂಜೆ ನನ್ನ ಹೆಂಡತಿ ಎದ್ದು ನಿಂತು, "ಸಾಕು ಈ ನಾಟಕ, ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ" ಎಂದಳು. ನಾನು ಹಿಂದೆ ಹೋದೆ, ಹಿಂದೆಯೇ ನಿಂತೆ. ಟೀಚರಮ್ಮ ಬಾಗಿಲು ತೆಗೆದರು. ಇವಳು ಒಂದೇ ಉಸಿರಿಗೆ, "ಅದು ಮಾತ್ರೆ ಅಲ್ಲ ಟೀಚರ್, ಮೀಟರು. ನಮ್ಮನೇಲಿ ಕರೆಂಟಿಗೆ ಹಾಕೋಕೆ ದುಡ್ಡಿಲ್ಲ, ಅದಕ್ಕೇ ಹಾಗೆ ಹೇಳಿದ್ವಿ. ಮೋಟಾರು ಬಿಚ್ಚಿ ಕಾಲಲ್ಲೇ ತುಳಿದು ಹೊಲೀತೀನಿ, ಹೇಳಿದ ದಿನಕ್ಕೆ ಕೊಡ್ತೀನಿ. ಆರ್ಡರು ನಮಗೇ ಕೊಡಿ" ಎಂದಳು. ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅವಳ ಕಿವಿ ಕೆಂಪಾಗಿದ್ದದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು, ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಟೀಚರಮ್ಮ ಉತ್ತರ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಮನೆಯೊಳಗಿನಿಂದ 'ಪೀಂ' ಎಂದು ಕೇಳಿಸಿತು.

"ಅದು ನಮ್ಮ ಯಜಮಾನ್ರ ಮಾತ್ರೆ" ಎಂದುಬಿಟ್ಟರು ಟೀಚರಮ್ಮ.

ಹೇಳಿದ್ದು ಯಾರ ಮುಂದೆ ಎಂಬುದು ಅವರಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಬಾಯಿ ಮುಚ್ಚಿಕೊಂಡು ನಗತೊಡಗಿದರು, ಇವಳೂ ನಕ್ಕಳು, ಇಬ್ಬರೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಾಲೆಯವರು ಸಂಬಳ ಕೊಡದೆ ತಿಂಗಳುಗಳಾಗಿವೆಯಂತೆ. "ಮೊನ್ನೆ ನಮ್ಮನೇದು ಮೊದಲನೇ ಸಲ ಕೂಗ್ದಾಗಲೇ ಗೊತ್ತಾಯ್ತು, ನಿಮ್ಮತ್ತೆ ಕಾಯಿಲೆ ಏನು ಅಂತ. ಬಂದು ಹೇಳೋಕೆ ನಾಚಿಕೆ ಆಯ್ತು" ಎಂದರು. ಹಾಗೆಂದು ಒಳಗೆ ಹೋಗಿ, ಇನ್ನೂ ಬೇರೆಯವರಿಗೆ ಕೊಡದೆ ಇಟ್ಟುಕೊಂಡಿದ್ದ ನೀಲಿ ಬಟ್ಟೆಯ ಒಂದು ಇಡೀ ತಾನನ್ನು ಎತ್ತಿ ತಂದು ನನ್ನ ಹೆಂಡತಿಯ ಕೈಗಿಟ್ಟರು.

ಆದಕಾರಣ ಮಹನೀಯರಲ್ಲಿ ನನ್ನ ಅರಿಕೆ ಇಷ್ಟೇ. ಈಗ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಕಾಲಲ್ಲೇ ಓಡುತ್ತಿದೆ, ಅದರ ಖಟಖಟ ತಮ್ಮ ದನಿಯನ್ನು ಮುಚ್ಚುವಷ್ಟು ಜೋರಾಗಿರುವುದರಿಂದ ನಮ್ಮ ಮಟ್ಟಿಗೆ ತಾವು ಎಷ್ಟು ಬೇಕಾದರೂ ಕೂಗಬಹುದು. ಆದರೆ ಗೋಡೆಯಾಚೆ ಇರುವ ತಮ್ಮ ಸಹೋದರರಿಗೆ ತಂತಿಯ ಮೂಲಕ ಒಂದು ಮಾತು ಹೇಳಬೇಕು: ಟೀಚರಮ್ಮನ ಮನೆಗೆ ಮಕ್ಕಳು ಪಾಠ ಹೇಳಿಸಿಕೊಳ್ಳಲು ಬರುತ್ತಾರೆ, ಆ ಹೊತ್ತಿನಲ್ಲಿ ಆ ಸಹೋದರರು ದಯವಿಟ್ಟು ಬಾಯಿಗೆ ಬೀಗ ಹಾಕಿಕೊಂಡಿರಲಿ. ಕೂಗದೆ ಇರಲಾರೆವೆಂದರೆ ಆ ಕೂಗನ್ನೂ ನಮ್ಮ ಮನೆಯ ಲೆಕ್ಕಕ್ಕೆ ಹಾಕಿ ಇಲ್ಲೇ ಕೂಗಿಕೊಳ್ಳಲಿ. ಇನ್ನು ತಮ್ಮ ಪೈಕಿ ಯಾರಾದರೂ ಒಬ್ಬರು ಆ ಶಾಲೆಯ ಮಾಲೀಕರ ತಲೆದಿಂಬಿನ ಪಕ್ಕಕ್ಕೆ ವರ್ಗ ಮಾಡಿಸಿಕೊಳ್ಳುವುದಾದರೆ, ಬೀಳ್ಕೊಡುಗೆಯ ಕಾರ್ಡನ್ನು ನಾನೇ ಚಿನ್ನದ ಅಕ್ಷರದಲ್ಲಿ ಬಿಟ್ಟಿಯಾಗಿ ಅಚ್ಚುಹಾಕಿಕೊಡುತ್ತೇನೆ.

ತಮ್ಮ ಕೆಂಪು ದೀಪದಡಿಯಲ್ಲಿ ದಿನವೂ ತಲೆ ಬಗ್ಗಿಸಿ ಚಪ್ಪಲಿ ಮೆಟ್ಟುವ,
ತಮ್ಮ ವಿಶ್ವಾಸಿ,
ಅಕ್ಷರ ಜೋಡಿಸುವವನು

ತಾ.ಕ.: ನಿನ್ನೆ ತಮಗೆ ಮುಂಗಡ ಕಟ್ಟಲೆಂದು ತಮ್ಮ ಕಂಪನಿಯ ಕಚೇರಿಗೆ ಹೋಗಿದ್ದೆ. ನಡುಮಧ್ಯಾಹ್ನ, ಕಿಟಕಿಯ ತುಂಬ ಬಿಸಿಲು. ಒಳಗೆ ಸಾಲು ದೀಪಗಳು ಉರಿಯುತ್ತಿದ್ದವು, ಊಟಕ್ಕೆ ಹೋದವರ ಖಾಲಿ ಕುರ್ಚಿಗಳಿಗೆ ಫ್ಯಾನುಗಳು ಗಾಳಿ ಹಾಕುತ್ತಿದ್ದವು. ಬಹಳ ಹೊತ್ತು ಕಿವಿಗೊಟ್ಟು ನಿಂತೆ, ಒಂದು 'ಪೀಂ' ಕೂಡ ಕೇಳಲಿಲ್ಲ. ಅಲ್ಲಿರುವ ತಮ್ಮ ಸಹೋದರರಿಗೆ ಮಾತು ಬಿದ್ದುಹೋಗಿರಬಹುದೆಂದು ಆತಂಕವಾಗಿದೆ. ಬೇಗ ಯಾರಿಗಾದರೂ ತೋರಿಸಬೇಕಾಗಿ ಕೋರಿಕೆ.