ಕಬ್ಬು ಬೆಳೆದರೆ ಗದ್ದೆ ಸವೆಯುತ್ತದೆ

ಕಣ್ಣಾರೆ ಕಂಡೆ ಎನ್ನುವವನನ್ನು ನಾನು ನಂಬುವುದಿಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಜಮೀನು ಅಳೆಯುವ ಮೋಜಣಿದಾರನಾಗಿ ಸರಪಳಿ ಹಿಡಿದ ಮೇಲೆ ಊರೂರಲ್ಲೂ ಅಳತೆಗೂ ಕಣ್ಣಿಗೂ ಜಗಳ. ತೊಣ್ಣೂರು ಕೆರೆಯ ಕೆಳಗಿನ ಇಬ್ಬರು ಅಣ್ಣತಮ್ಮಂದಿರ ಪಾಲು ಒಂದನ್ನು ಹೇಳಿದರೆ ಸಾಕು.

೧. ತೆಂಗಿನ ಮಗ್ಗುಲು

ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಅಲ್ಲಿಯ ಪದ್ಧತಿ ಅದು. ಅಣ್ಣ ಗದ್ದೆಯನ್ನು ಸಮನಾಗಿ ಎರಡು ಮಾಡಿದ್ದ. ಅಳೆದು, ನಡುವೆ ಕಲ್ಲು ನೆಡಿಸಿದೆ. ಒಂದರ ಪಕ್ಕ ಎತ್ತರದ ತೆಂಗಿನ ತೋಟ, ಇನ್ನೊಂದರ ಸುತ್ತ ಬರೀ ಬಯಲು.

ತಮ್ಮನಾದವನು ತೋಟದ ಪಕ್ಕದ ಪಾಲು ನೋಡಿ, "ಇದು ಅಂಗೈಯಗಲ ಅದೆ. ಅಣ್ಣ ಮೋಸ ಮಾಡವ್ನೆ ಸ್ವಾಮಿ" ಎಂದ.

"ಮರ ಎತ್ತರ ಕಣಯ್ಯಾ, ಅದಕ್ಕೇ ಗದ್ದೆ ಚಿಕ್ಕದಾಗಿ ಕಾಣುತ್ತೆ. ಸರಪಳಿ ಎರಡೂ ಸಮ ಅನ್ನುತ್ತೆ."

"ಸರಪಳಿಗೇನು ಕಣ್ಣಿದ್ದಾವಾ?" ಎಂದು ಬಯಲ ಕಡೆಯದನ್ನೇ ಆರಿಸಿಕೊಂಡ.

೨. ಕಬ್ಬಿನ ಗೋಡೆ

ಮರುವರ್ಷ ನೆರೆಯವರು ಆ ಬಯಲಿಗೆಲ್ಲ ಕಬ್ಬು ಹಾಕಿದರು. ಆಳೆತ್ತರ ಬೆಳೆಯಿತು. ತಮ್ಮ ಓಡಿಬಂದ. "ನನ್ ಗದ್ದೆ ಸವೆದೋಗದೆ ಸ್ವಾಮಿ! ಅಣ್ಣ ಕಲ್ಲು ಕಿತ್ತು ಈಚೆಗೆ ನೆಟ್ಬುಟ್ಟವ್ನೆ!"

"ಆರಿಸ್ಕೊಂಡೋನು ನೀನೇ ಕಣ್ಲಾ!" ಎಂದು ಅಣ್ಣ ಕೂಗಿದ. ಇಬ್ಬರ ಕೈಯಲ್ಲೂ ಕುಡುಗೋಲು.

ಅಳೆದೆ. ಕಲ್ಲು ಒಂದಂಗುಲವೂ ಕದಲಿರಲಿಲ್ಲ. ತನಿಖೆಗೆ ಬಂದ ತಾಲ್ಲೂಕಿನ ಅಮಲ್ದಾರರು ಕುದುರೆಯ ಮೇಲಿಂದಲೇ ನೋಡಿ, "ಚಿಕ್ಕದಾಗೇ ಕಾಣುತ್ತಲ್ರೀ. ರಕ್ತಪಾತ ಬೇಡ, ಕಲ್ಲನ್ನು ಎರಡು ಮಾರು ಸರಿಸಿಬಿಡಿ" ಎಂದರು.

"ಸರಿಸುವುದಿಲ್ಲ. ಕಬ್ಬು ಕಡಿಯಲಿ, ಗದ್ದೆ ತಾನೇ ದೊಡ್ಡದಾಗುತ್ತೆ."

"ಬಿ.ಎ. ಓದಿದವರೆಲ್ಲ ಹೀಗೇ ಏನ್ರೀ?"

೩. ಹೆಬ್ಬೆಟ್ಟು

ಕಬ್ಬು ಕಡಿದರು. ತಮ್ಮನ ಗದ್ದೆ ಅರಳಿತು, ಮುಖವೂ. ಈಗ ಅಣ್ಣ ಓಡಿಬಂದ. "ಇವ್ನೇ ಕಲ್ಲು ನನ್ ಕಡೆಗೆ ಒತ್ತವ್ನೆ ಸ್ವಾಮಿ!" ಮತ್ತೆ ಅಳೆದೆ. ಕಲ್ಲು ಇದ್ದಲ್ಲೇ ಇತ್ತು.

ವಾರದೊಳಗೆ ಇಬ್ಬರೂ ಒಂದಾಗಿ ನನ್ನ ಮೇಲೆ ಅರ್ಜಿ ಕೊಟ್ಟರು: ಮೋಜಣಿದಾರರ ಸರಪಳಿ ಮಳೆಗಾಲಕ್ಕೊಂದು ಉದ್ದ, ಬೇಸಿಗೆಗೊಂದು ಉದ್ದ. ಅಮಲ್ದಾರರು ಸಮಜಾಯಿಷಿ ಕೇಳಿದರು. "ಕಲ್ಲು ಇದ್ದಲ್ಲೇ ಇದೆ, ಇರುತ್ತದೆ" ಎಂದು ಒಂದೇ ಸಾಲು ಬರೆದುಕೊಟ್ಟೆ.

ವಿಚಾರಣೆಯ ದಿನ ಅರ್ಜಿಯನ್ನು ಮೇಜಿನ ಮೇಲೆ ಹರಡಿದರು. ಅಣ್ಣನ ಹೆಬ್ಬೆಟ್ಟು ಸಣ್ಣ ಅಕ್ಷರಗಳ ನಡುವೆ ಬಿದ್ದಿತ್ತು. ತಮ್ಮನದರ ಪಕ್ಕದಲ್ಲಿ ಗುಮಾಸ್ತ ಕಚೇರಿಯ ದೊಡ್ಡ ಮೊಹರು ಒತ್ತಿದ್ದ. ತಮ್ಮ ಬಗ್ಗಿ ನೋಡಿದ. ಕಣ್ಣು ಕೆಂಪಾಯಿತು.

"ಲೇ ಅಣ್ಣ, ಇದ್ರಲ್ಲೂ ನಿನ್ ಹೆಬ್ಬೆಟ್ಟೇ ದೊಡ್ಡದು ಮಾಡ್ಕೊಂಡ್ಬುಟ್ಟಿದ್ದೀಯಲ್ಲೋ!"

ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದ. "ಸರಪಳಿ ತನ್ನಿ ಸ್ವಾಮಿ!"