ಕೆಂಪು ಆರಿತು, ಹಸಿರು ಬರಲಿಲ್ಲ

ಸಿಗ್ನಲ್ಲಿನ ಬಿಳಿ ಗೆರೆಯ ಹಿಂದೆ ಸರಿಯಾಗಿ ನಿಲ್ಲುವವನ ಪಾಲಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ವಿಮಾ ಕಂಪನಿಯ ಮೋಟಾರ್ ಕ್ಲೇಮು ವಿಭಾಗದಲ್ಲಿದ್ದುಕೊಂಡು ಸೂರತ್, ವಡೋದರಾ, ಈಗ ಅಹಮದಾಬಾದ್ ಎಂದು ವರ್ಗವಾಗುತ್ತ ಬಂದ ನನಗೆ ಇದು ಚೆನ್ನಾಗಿ ಗೊತ್ತು. ಇಷ್ಟಾಗಿಯೂ ಸ್ಕೂಟರ್ ಹಿಡಿದ ಮೂವತ್ತು ವರ್ಷದಲ್ಲಿ ನನ್ನ ಮೇಲೆ ದಂಡದ ಒಂದೇ ಒಂದು ಚಲನ್ ಇರಲಿಲ್ಲ.

ಈ ಮಾತನ್ನು ಅಹಮದಾಬಾದಿನ ಬೋಡಕ್‌ದೇವ್ ಬಡಾವಣೆಯ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹೇಳಬಾರದಿತ್ತು. ಹದಿನೆಂಟು ತುಂಬಿದ ಮಗಳು ತನ್ನ ಹೊಸ ಲೈಸೆನ್ಸನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಕೂತಿದ್ದಳು.

"ಅಪ್ಪಾ, ಸರ್ಕಾರವೇ ಓಕೆ ಅಂದಿದೆ. ನೀವ್ಯಾಕೆ ಕೀ ಕೊಡಲ್ಲ? ಇದು ನನ್ನ ಫ್ರೀಡಮ್."

"ಸರ್ಕಾರ ನಿನ್ನನ್ನ ಹತ್ತು ನಿಮಿಷ ನೋಡಿದೆ. ನಾನು ಹದಿನೆಂಟು ವರ್ಷ ನೋಡಿದೀನಿ."

"ಹಾಗಾದ್ರೆ ಯಾವಾಗ ಕೊಡ್ತೀರಾ?"

"ನಂಗೆ ಚಲನ್ ಬಂದ ದಿನ," ಎಂದೆ. ಬರುವುದಿಲ್ಲವೆಂಬ ಧೈರ್ಯ.

ಹೆಂಡತಿ ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಸಾಕ್ಷಿಯಾಗಿ ಸಹಿಯನ್ನೂ ಹಾಕಿದಳು. ಕಾನೂನು ಯಾಕೆ ಬೇಕೆಂದು ಹುಡುಗಿಗೆ ತಿಳಿಯಲಿ ಎಂದು ನಾನು ಎರಡು ಹಳೆಯ ಪ್ರಸಂಗ ಹೇಳಿದೆ.

ಸೂರತ್: ತಲೆ ಯಾರದು?

ಅಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದರು. ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ತೊಡಿಸುವವರು. ಒಂದು ಭಾನುವಾರ ಕೂರಿಸಿ ಚಹಾ ಕೊಟ್ಟು ಕೇಳಿದೆ, "ಭಾಯಿ, ಯಾಕೆ ಹೀಗೆ?"

"ಸಾಹೇಬ್, ತಲೆ ನನ್ನದು. ಒಡೆದರೂ ನನ್ನದೇ. ಸರ್ಕಾರಕ್ಕೇನು?"

"ತಲೆ ನಿಮ್ಮದೇ. ಆಮೇಲೆ ಕ್ಲೇಮು ಫಾರಂ ಹಿಡಿದು ನನ್ನೆದುರು ಕೂರುವವರು ನಿಮ್ಮ ಹೆಂಡತಿ," ಎಂದೆ. ಅವರ ಚಹಾ ಆರಿತು. ಲೋಟ ಅಲ್ಲೇ ಬಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮೆಟ್ಟಿಲಿಳಿದು ಬರುತ್ತಿದ್ದಾರೆ, ತಲೆಯ ಮೇಲೆ ಹೆಲ್ಮೆಟ್! ಪಟ್ಟಿ ಕೂಡ ಬಿಗಿದಿದೆ. ಅವರು ಪಾರ್ಕಿಂಗ್ ದಾಟಿ, ಗೇಟಿನ ಹೊರಗೆ ಬಂದು, ಹೆಲ್ಮೆಟ್ ತೆಗೆದು ಕನ್ನಡಿಗೆ ಹಾಕಿ, ಸ್ಕೂಟರ್ ಶುರು ಮಾಡಿದರು.

"ಭಾಯಿ, ಇದೇನು?"

"ಪಾರ್ಕಿಂಗಿನ ಚಾವಣಿಯಿಂದ ಪ್ಲಾಸ್ಟರ್ ಬೀಳುತ್ತಲ್ಲ ಸಾಹೇಬ್. ರಸ್ತೆಯಲ್ಲಿ ನನಗೆ ನನ್ನ ಮೇಲೆ ನಂಬಿಕೆ ಇದೆ. ಬಿಲ್ಡರ್ ಮೇಲೆ ಇಲ್ಲ."

ಮಗಳು ಮೊಸರನ್ನದಿಂದ ತಲೆಯೆತ್ತಿ, "ಆ ಅಂಕಲ್ ಕರೆಕ್ಟ್," ಎಂದಳು.

ವಡೋದರಾ: ಲೈಸೆನ್ಸ್ ಇಲ್ಲದವನು

ಆ ಊರಿನ ನದಿಯಲ್ಲಿ ಮೊಸಳೆಗಳಿವೆ. ಮಳೆಗಾಲದಲ್ಲಿ ನೀರು ಏರಿದರೆ ಒಂದೊಂದು ಮೊಸಳೆ ರಸ್ತೆಗೂ ಬಂದುಬಿಡುತ್ತದೆ. ಒಂದು ದಿನ ಬೆಳಿಗ್ಗೆ ಜಿನುಗು ಮಳೆ. ನೀರು ನಿಂತ ರಸ್ತೆಯಲ್ಲಿ ಮೋಡ ತೇಲುತ್ತಿತ್ತು, ಸ್ಕೂಟರುಗಳೂ ಆಕಾಶದಲ್ಲೇ ಹೋಗುತ್ತಿರುವ ಹಾಗಿತ್ತು. ಚೌಕದಲ್ಲಿ ಕೆಂಪು ಬಿತ್ತು. ನಾನು ನಿಂತೆ. ಎಂದಿನಂತೆ ಹಿಂದಿನವರು ಹಾರ್ನ್ ಹೊಡೆದರು.

ಆಮೇಲೆ ಹಾರ್ನುಗಳು ಒಂದೊಂದಾಗಿ ನಿಂತವು. ನಮ್ಮೆದುರಿಗೆ, ಬಿಳಿ ಪಟ್ಟೆಗಳ ಮೇಲೆಯೇ, ಅತ್ತಿತ್ತ ಸರಿಯದೆ, ಒಂದು ಮೊಸಳೆ ರಸ್ತೆ ದಾಟುತ್ತಿತ್ತು.

ಅಂಥ ಶಿಸ್ತನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಎಲ್ಲರೂ ಗೆರೆಯ ಹಿಂದೆ. ರಾಂಗ್ ಸೈಡಿನಲ್ಲಿ ಬಂದಿದ್ದ ಬೈಕಿನವನು ಮೆಲ್ಲಗೆ ಗಾಡಿ ತಿರುಗಿಸಿ ಸರಿಯಾದ ಸಾಲಿಗೆ ಬಂದು ನಿಂತ. ಸಿಗ್ನಲ್ ಹಸಿರಾಯಿತು; ಒಬ್ಬರೂ ಅಲುಗಲಿಲ್ಲ. ದೂರದಲ್ಲಿದ್ದ ಒಬ್ಬ ಹೆಂಗಸು ಮೊಸಳೆ ಕಾಣದೆ ಹಾರ್ನ್ ಒತ್ತಿದರು. ಪಕ್ಕದವನು, "ಮಾಸಿ, ಅರ್ಜೆಂಟಿದ್ದರೆ ನೀವು ಮುಂದೆ ಹೋಗಿ. ಸ್ವತಂತ್ರ ದೇಶ," ಎಂದ.

ಮೊಸಳೆ ನಿಧಾನವಾಗಿ ಪೊದೆಗೆ ಇಳಿಯಿತು. ಮಳೆಯಲ್ಲಿ ನೆನೆಯುತ್ತಿದ್ದ ಟ್ರಾಫಿಕ್ ಪೊಲೀಸ್ ಟೋಪಿ ತೆಗೆದು ಆ ಕಡೆಗೇ ನೋಡುತ್ತ ನನಗೆ ಹೇಳಿದ: "ಸಾಹೇಬ್, ಇವನನ್ನ ನಮ್ಮ ಇಲಾಖೆಗೆ ಡೆಪ್ಯುಟೇಶನ್ ಮೇಲೆ ಕೊಡಿ ಅಂತ ಮೇಲಿನವರಿಗೆ ಬರೀಬೇಕು."

"ನೋಡು, ಭಯ ಇದ್ದರೆ ಮಾತ್ರ ಜನ ನಿಲ್ಲುತ್ತಾರೆ. ಅದಕ್ಕೇ ಕಾನೂನು," ಎಂದು ನಾನು ಪ್ರಸಂಗ ಮುಗಿಸಿದೆ.

"ಹಾಗಾದ್ರೆ ಇಲ್ಲಿನ ರೋಡಿಗೂ ಮೊಸಳೆ ಬಿಡಿ. ನಂಗೆ ಕೀ ಕೊಡಿ," ಎಂದಳು ಮಗಳು.

ಅಹಮದಾಬಾದ್: ಮಧ್ಯಾಹ್ನದ ಸಿಗ್ನಲ್

ಇದಾದ ಮೇಲೆ ಮೇ ತಿಂಗಳು ಬಂತು. ಈ ಊರಿನಲ್ಲಿ ನನಗದು ಮೊದಲ ಬೇಸಿಗೆ. ಜನ ಬಿಸಿಲಲ್ಲಿ ನಿಂತು ಬೇಯಬಾರದೆಂದು ಇಲ್ಲಿ ಮಧ್ಯಾಹ್ನ ಎಷ್ಟೋ ಕಡೆ ಸಿಗ್ನಲ್ಲನ್ನೇ ಆರಿಸಿಬಿಡುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ವಸ್ತ್ರಾಪುರದ ಕಡೆಯ ಚೌಕದಲ್ಲಿ ಕೆಂಪು ಬಿತ್ತು. ಗೆರೆಯಿಂದ ಒಂದು ಗೇಣು ಹಿಂದೆ ನಿಂತು ಎಂಜಿನ್ ಆರಿಸಿದೆ. ತಲೆಯ ಮೇಲೆ ನೆರಳಿಗೆಂದು ಕಟ್ಟಿದ ಹಸಿರು ಬಲೆ. ಸ್ವಲ್ಪ ಹೊತ್ತಿಗೆ ಕೆಂಪು ಆರಿತು. ಹಸಿರು ಬರಲಿಲ್ಲ. ನಾನು ಕಾದೆ. ಉಳಿದವರೆಲ್ಲ ನನ್ನನ್ನು ಬಳಸಿಕೊಂಡು ಹೋದರು.

ರಿಕ್ಷಾದವನೊಬ್ಬ ಪಕ್ಕದಲ್ಲಿ ನಿಧಾನ ಮಾಡಿದ. "ಕಾಕಾ, ಚಲೋ ನೆ, ಹೊರಡಿ! ಸಿಗ್ನಲ್ ಬಂದ್."

"ಕೆಂಪು ಆರಿದೆ, ಅಷ್ಟೇ. ಹಸಿರು ಬಂದಿದೆ ಅಂತ ಯಾರು ಹೇಳಿದ್ದು?"

ಅವನು ನನ್ನನ್ನು ನೋಡಿದ, ಮೇಲಿನ ಬಲೆ ನೋಡಿದ. "ಇಡೀ ಆಕಾಶವೇ ಹಸಿರಿದೆಯಲ್ಲ ಕಾಕಾ," ಎಂದು ಹೊರಟುಹೋದ.

ನಿಜವಾಗಿಯೂ ಹಾಗೇ ಇತ್ತು. ಬಿಸಿಗಾಳಿಗೆ ಬಲೆ ಉಬ್ಬಿ ಇಳಿಯುತ್ತಿತ್ತು. ರಸ್ತೆಯ ಮೇಲೆ ಹಸಿರು ಬೆಳಕು ಕೆರೆಯ ತಳದಲ್ಲಿರುವಂತೆ ಅಲುಗುತ್ತಿತ್ತು. ಸದ್ದುಗಳೆಲ್ಲ ದೂರ ದೂರ ಹೋದವು. ಮೂರೂ ಊರಿನವರು ಸಾಲಾಗಿ ಗೆರೆಯ ಹಿಂದೆ ನಿಂತಿದ್ದರು. ಸೀರೆ ವ್ಯಾಪಾರಿ ಹೆಲ್ಮೆಟ್ ಹಾಕಿಕೊಂಡೇ ಊಟ ಮಾಡುತ್ತಿದ್ದರು. ಚೌಕದ ನಡುವೆ ಬಿಳಿ ಕೈಗವಸು ತೊಟ್ಟ ಮೊಸಳೆ ನನಗೊಬ್ಬನಿಗೇ "ನೀವು ಹೋಗಿ" ಎಂದು ಕೈ ತೋರಿಸುತ್ತಿತ್ತು. ನಾನು ಹೋಗಲಿಲ್ಲ. ಹಸಿರು ಬಂದಿರಲಿಲ್ಲವಲ್ಲ.

ಯಾರೋ ಭುಜ ತಟ್ಟಿದರು. ಪೊಲೀಸ್. ಒಂದು ಕೈಯಲ್ಲಿ ಮಜ್ಜಿಗೆ ಪೊಟ್ಟಣ.

"ಕಾಕಾ, ಹುಷಾರಾಗಿದ್ದೀರಾ?"

"ಸಿಗ್ನಲ್ಲಿಗೆ ಕಾಯ್ತಾ ಇದೀನಿ."

"ಅದು ನಾಲ್ಕು ಗಂಟೆಗೆ ಬರುತ್ತೆ."

ಹಿಂತಿರುಗಿ ನೋಡಿದೆ. ನನ್ನ ಬೆನ್ನಿಗೇ ಒಂದು ಸಿಟಿ ಬಸ್ ನಿಂತಿತ್ತು, ಕಿಟಕಿಗಳಲ್ಲೆಲ್ಲ ತಲೆಗಳು. ಪೊಲೀಸ್ ಮಜ್ಜಿಗೆ ಕೊಟ್ಟು, ಆ ಕೈಯಿಂದಲೇ ಚಲನ್ ಯಂತ್ರ ತೆಗೆದ.

"ನಾನು ನಿಯಮ ಪಾಲಿಸಿದೀನಿ ಸ್ವಾಮಿ!" ಎಂದೆ, ನನ್ನ ಹಿಂದಿಯಲ್ಲಿ.

"ಅದಕ್ಕೇ ಮಜ್ಜಿಗೆ. ಬಸ್ಸಿಗೆ ಅಡ್ಡ ನಿಂತಿದ್ದಕ್ಕೆ ಚಲನ್."

ಸ್ಕೂಟರ್ ಇರುವುದು ಹೆಂಡತಿಯ ಹೆಸರಿನಲ್ಲಿ. ಹಾಗಾಗಿ ನನಗಿಂತ ಮೊದಲೇ ಚಲನ್ ಅವಳ ಫೋನಿಗೆ ತಲುಪಿತ್ತು, ಫೋಟೋ ಸಮೇತ. ಬಾಗಿಲು ತೆರೆದ ತಾಯಿ ಮಗಳಿಬ್ಬರ ಮುಖವೂ ಕೆಂಪಾಗಿತ್ತು, ನಕ್ಕು ನಕ್ಕು.

"ಚಲನ್ ಬಂದಿರೋದು ನಿನ್ನ ಹೆಸರಿಗೆ. ನನಗಲ್ಲ," ಎಂದು ಆಕ್ಷೇಪಿಸಿದೆ.

"ಹೆಸರು ನಂದು ರೀ. ಫೋಟೋದಲ್ಲಿ ನಿದ್ದೆಗೆ ತೆರೆದ ಬಾಯಿ ನಿಮ್ದು," ಎಂದಳು ಹೆಂಡತಿ.

ಮಗಳು ಫೋಟೋ ದೊಡ್ಡದು ಮಾಡಿ ನೋಡಿದಳು. "ಆದ್ರೆ ಅಪ್ಪಾ, ಗೆರೆ ಟಚ್ ಮಾಡಿಲ್ಲ ನೀವು." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಫ್ರಿಜ್ಜಿನ ಮೇಲಿನ ಚೀಟಿ ಕಿತ್ತು, ಕೀ ಅವಳ ಕೈಗೆ ಕೊಟ್ಟೆ. ಜೊತೆಗೆ ಹೆಲ್ಮೆಟ್.

ಆ ಶನಿವಾರ ಮಧ್ಯಾಹ್ನ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಅದೇ ಚೌಕ, ಅದೇ ಹಸಿರು ನೆರಳು. ದೀಪ ಆರಿತ್ತು. ಉಳಿದವರೆಲ್ಲ ನುಗ್ಗುತ್ತಿದ್ದರೂ ಅವಳು ಗೆರೆಯ ಹಿಂದೆ ಗಾಡಿ ನಿಲ್ಲಿಸಿದಳು. ನಾನು ಬಗ್ಗಿ ನೋಡಿದೆ: ಸರಿಯಾಗಿ ಒಂದು ಗೇಣು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೆ ಬಲಕ್ಕೆ ನೋಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿರಬೇಕು.

"ಅಪ್ಪಾ, ಹೋಗೋಣ್ವಾ? ಇಲ್ಲಾ ನಾಲ್ಕು ಗಂಟೆಗೆ ಎಬ್ಬಿಸ್ಲಾ?"