ಮುಹೂರ್ತಕ್ಕೆ ಬಾರದ ನೆರಳು

ಸೂರ್ಯನಿಂದ ಕೆಲಸ ಮಾಡಿಸಿಕೊಳ್ಳುವುದು ಇಷ್ಟು ಸುಲಭವೆಂದು ನನಗೆ ಗೊತ್ತೇ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ನವನಗರದ ಮನೆಯಲ್ಲಿ ಕುಳಿತಿದ್ದವನು ಒಂದು ದಿನ ಮೊಬೈಲಿನಲ್ಲಿ ಬಿಸಿಲು ಗಡಿಯಾರದ ಚಿತ್ರ ನೋಡಿದೆ. ಯಾರದೋ ತೋಟದ ನಡುವೆ ಕೆತ್ತನೆಯ ದುಂಡು ಕಲ್ಲು, ಅದರ ಮೇಲೊಂದು ಹಿತ್ತಾಳೆ ಕಡ್ಡಿ, ಕಡ್ಡಿಯ ನೆರಳು ಬಿದ್ದಲ್ಲಿ ಗಂಟೆ. ಸೆಲ್ ಬೇಡ, ಚಾವಿ ಬೇಡ. ಇಂಥದ್ದನ್ನು ನನ್ನ ಕೈಯಾರೆ ಮಾಡಲೇಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ.

ಸಂಕ್ರಾಂತಿಯ ಹೊತ್ತಿಗೆ ಒಂದು ಶಹಾಬಾದ ಫರಸಿ ಕಲ್ಲು ತಂದು ದುಂಡಗೆ ಕತ್ತರಿಸಿ, ಅಂಚಿಗೆ ಮಾವಿನೆಲೆ, ನಡುವೆ ನವಿಲು ಕೆತ್ತಿದೆ. ನವಿಲು ಕೋಳಿಯಂತೆ ಬಂತು, ಇರಲಿ. ಚಿತ್ರದಲ್ಲಿ ಕಡ್ಡಿ ಓರೆಯಾಗಿ ನಿಂತಿತ್ತು. ಪಾಪ, ಅವಸರದಲ್ಲಿ ಹಾಗಾಗಿರಬೇಕೆಂದು ನಾನು ಗೌಂಡಿಯ ತೂಗುಗುಂಡು ಬಿಟ್ಟು ನೋಡಿ ಅದನ್ನು ನೆಟ್ಟಗೆ ನಿಲ್ಲಿಸಿದೆ. ಇಡೀ ದಿನ ಪಕ್ಕದಲ್ಲೇ ಕುಳಿತು, ನೆರಳು ಬಿದ್ದಲ್ಲೆಲ್ಲ ಗೆರೆ ಕೊರೆದೆ. ಆಮೇಲೆ ಅದನ್ನು ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಸೂರ್ಯನನ್ನು ಯಾರಾದರೂ ಪರೀಕ್ಷಿಸುತ್ತಾರೆಯೇ?

"ಮೆಣಸಿನಕಾಯಿ ಒಣಗಸೂ ಜಾಗಾದಾಗ ಇದನ್ನ್ಯಾಕ ತಂದಿಟ್ರಿ?" ಎಂದಳು ಹೆಂಡತಿ ಗಿರಿಜಾ.

"ನಿನಗ ಕಲಾ ತಿಳಿಯೂದಿಲ್ಲ ಬಿಡು," ಎಂದೆ.

ಮೇ ತಿಂಗಳ ಆರಂಭದಲ್ಲಿ ಮಗಳು ವೀಣಾಳ ನಿಶ್ಚಯ ಕಾರ್ಯ ಬಂತು. ಬೀಗರು ಬೈರಿದೇವರಕೊಪ್ಪದ ಹತ್ತಿ ವ್ಯಾಪಾರಸ್ಥರು. ಉಡಿ ತುಂಬುವ ಮುಹೂರ್ತ ಮಧ್ಯಾಹ್ನ ಹನ್ನೆರಡೂವರೆಗೆ. ಈ ಹೊತ್ತು ತಪ್ಪಿದರೆ ಶ್ರಾವಣದವರೆಗೆ ಕಾಯಬೇಕೆಂದು ಮುಹೂರ್ತ ಇಟ್ಟ ಅಯ್ಯನವರು ಮೊದಲೇ ಎಚ್ಚರಿಸಿದ್ದರು. ಇಂಥ ಜವಾಬ್ದಾರಿಯನ್ನು ಮೊಬೈಲಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ.

"ಇವತ್ತ ಹೊತ್ತು ಹೇಳಾವ ಖುದ್ದ ಸೂರ್ಯ," ಎಂದು ತುಂಬಿದ ಸಭೆಯಲ್ಲಿ ಸಾರಿದೆ. "ನೆರಳು ಗೆರಿ ಮುಟ್ಟತಿದ್ದಂಗ ನಾ ಕೂಗತೇನಿ. ಆವಾಗ ಉಡಿ ತುಂಬ್ರಿ."

"ಭಾಳ ಛಲೋ ವಿಚಾರ ಬಿಡ್ರಿ," ಎನ್ನುತ್ತ ಬೀಗರು ನನ್ನೊಂದಿಗೆ ಅಂಗಳಕ್ಕೆ ಬಂದರು. ಹಿಂದೆಯೇ ಅವರ ತಾಯಿಯೂ ಬಂದರು. ಅವರ ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಆ ಹಿರಿಯರು ಬೇಡವೆಂದರೆ ಬೀಗರು ಚಹಾ ಕೂಡ ಕುಡಿಯುವವರಲ್ಲ.

ಬೆಳಗಿನಿಂದ ಅಡುಗೆಯವರ ಹಿಂದೆ ಓಡಾಡುತ್ತಿದ್ದ ನಾನು ಆ ದಿನ ಕಲ್ಲನ್ನು ನೋಡಿದ್ದು ಆಗಲೇ. ಕಡ್ಡಿ ಇತ್ತು. ಗೆರೆಗಳಿದ್ದವು. ಕೋಳಿಯೂ ಇತ್ತು. ನೆರಳು ಇರಲಿಲ್ಲ!

"ಮೋಡ ಬಂದಿರಬೇಕ್ರಿ," ಎಂದೆ. ಬೀಗರು ತಲೆ ಎತ್ತಿ ನೋಡಿದರು. ಬೀಡಿ ಹೊಗೆಯಷ್ಟೂ ಮೋಡವಿರಲಿಲ್ಲ.

"ಬೀಗರ, ನಿಮ್ಮ ನೆರಳರ ಎಲ್ಲೈತ್ರಿ?" ಎಂದರು ಆಯಿ.

ಕೆಳಗೆ ನೋಡಿಕೊಂಡೆ. ಚಪ್ಪಲಿಯ ಸುತ್ತ ಒಂದಿಷ್ಟು ಕಪ್ಪು, ಅಷ್ಟೇ. ಹುಟ್ಟಿದಾಗಿನಿಂದ ಬೆನ್ನು ಬಿಡದ ನೆರಳು ಬೀಗರ ಎದುರಿಗೇ ಕೈಕೊಟ್ಟಿತ್ತು.

"ನೆರಳಿಲ್ಲದ ಮನಿ ನೋಡು ಇದು," ಎಂದು ಆಯಿ ಮಗನ ಕಡೆ ತಿರುಗಿದರು. "ಇಲ್ಲಿ ಸಂಬಂಧ ಮಾಡೂದು ಬ್ಯಾಡ. ಗಾಡಿ ತಗಿ."

ವೀಣಾಳ ಮದುವೆ ನನ್ನ ಕೋಳಿಯ ಮೇಲೆ ಮುರಿದು ಬೀಳುವುದರಲ್ಲಿತ್ತು. ಹೇಗಾದರೂ ಒಂದು ನೆರಳು ಹುಟ್ಟಿಸಬೇಕೆಂದು ಕಡ್ಡಿಯನ್ನು ಸ್ವಲ್ಪ ಬಗ್ಗಿಸಲು ಹೋದೆ. ಕಡ್ಡಿ ಬುಡಸಮೇತ ಕೈಗೆ ಬಂತು. ಅಷ್ಟರಲ್ಲಿ ಬೀಗರು ಬಿಸಿಲು ತಾಳದೆ ಛತ್ರಿ ಬಿಚ್ಚಿದರು. ಈಗ ನೆರಳೋ ನೆರಳು. ಕಲ್ಲಿನ ಮೇಲೆ ಎಲ್ಲ ಗಂಟೆಗಳೂ ಒಮ್ಮೆಲೇ ಆಗಿದ್ದವು.

ಗಲಾಟೆ ಕೇಳಿ ಗಿರಿಜಾ ಹೊರಗೆ ಬಂದಳು. ನನ್ನನ್ನೊಮ್ಮೆ ನೋಡಿ, ನೇರವಾಗಿ ಆಯಿಯ ಕೈ ಹಿಡಿದಳು.

"ಆಯಿ, ನೆರಳು ಎಲ್ಲೂ ಹೋಗಿಲ್ರಿ, ಕಾಲಾಗ ಐತಿ. ಪ್ರತಿ ವರ್ಷ ಈ ದಿನದಾಗ ಬಟ್ಟಿ ಒಣಗಹಾಕೂ ಮುಂದ ನೋಡತೇನಿ, ಸೂರ್ಯ ಬರೋಬ್ಬರಿ ನೆತ್ತಿಮ್ಯಾಲ ಬಂದಿರ್ತಾನ. ಅವನ ನೆತ್ತಿಮ್ಯಾಲ ನಿಂತು ಆಶೀರ್ವಾದ ಮಾಡೂ ಮುಂದ ಉಡಿ ತುಂಬಾಕ ಯೋಚನಿ ಯಾಕ್ರಿ?"

ಆಯಿ ತಮ್ಮ ಕಾಲಡಿ ನೋಡಿಕೊಂಡರು. ಬೀಗರ ಕಾಲಡಿ ನೋಡಿದರು. "ಖರೇ ಐತಿ ಬಿಡವಾ," ಎಂದು ಗಿರಿಜಾಳ ಜೊತೆ ಒಳಗೆ ಹೋದರು.

ನನಗೆ ಜೀವ ಬಂತು. ಆದರೆ ಹೊತ್ತು ಹೇಳುವ ಕೆಲಸ ಇನ್ನೂ ನನ್ನದೇ ಇತ್ತಲ್ಲ. "ನೀವು ಛತ್ರಿ ಸ್ವಲ್ಪ ಆಕಡೆ ಹಿಡೀರಿ," ಎಂದು ಬೀಗರಿಗೆ ಹೇಳಿ, ಮೊಣಕಾಲೂರಿ ಕಡ್ಡಿಯನ್ನು ತೂತಿಗೆ ತುರುಕತೊಡಗಿದೆ. ಬೀಗರಿಗೂ ಹುರುಪು ಬಂದಿತ್ತು. ಓರೆ ಆತು, ನೆಟ್ಟಗ ಆತು ಎಂದು ಮಾರ್ಗದರ್ಶನ ಮಾಡುತ್ತಿದ್ದರು. ಒಳಗಿನಿಂದ ಚಪ್ಪಾಳೆ ಕೇಳಿಸಿತು.

ಓಡಿದೆವು. ವೀಣಾ ತುಂಬಿದ ಉಡಿ ಹಿಡಿದು ಹಿರಿಯರಿಗೆ ನಮಸ್ಕಾರ ಮಾಡುತ್ತಿದ್ದಳು. ಫೋಟೋದವನು ಸಾಮಾನು ಕಟ್ಟುತ್ತಿದ್ದ.

"ನಾ ಇನ್ನೂ ಹೊತ್ತಾತು ಅಂತ ಹೇಳೇ ಇಲ್ಲಲ್ಲ?" ಎಂದೆ, ಕೈಯಲ್ಲಿ ಕಡ್ಡಿ ಹಿಡಿದುಕೊಂಡೇ.

"ಮೊಬೈಲ್ ಹೇಳ್ತು," ಎಂದಳು ಗಿರಿಜಾ. "ಕೈ ತೊಳಕೊಂಡು ಬೀಗರನ್ನ ಊಟಕ್ಕ ಕರೀರಿ."

ಒಬ್ಬಳೇ ಮಗಳ ಉಡಿ ತುಂಬುವುದನ್ನು ನಾನು ನೋಡಲಿಲ್ಲ. ಈಗ ಕಲ್ಲಿನ ಮೇಲೆ ಮೆಣಸಿನಕಾಯಿ ಸೊಗಸಾಗಿ ಒಣಗುತ್ತಿದೆ. ನಿಶ್ಚಯದ ಆಲ್ಬಮ್ಮಿನಲ್ಲಿ ನಾನಿರುವುದು ಒಂದೇ ಫೋಟೋದಲ್ಲಿ. ಮುಂದೆ ವೀಣಾ, ಹಿಂದೆ ಕಿಟಕಿ, ಕಿಟಕಿಯಾಚೆ ಛತ್ರಿ ಹಿಡಿದ ಬೀಗರು, ಛತ್ರಿಯ ಕೆಳಗೆ ಬಗ್ಗಿದ ಒಬ್ಬ ಮನುಷ್ಯನ ಹಿಂಭಾಗ. ಅದು ಯಾರೆಂದು ಕೇಳಿದವರಿಗೆಲ್ಲ ಮಗಳು ಹೇಳುತ್ತಾಳೆ, "ನಮ್ಮಪ್ಪಾರಿ. ಟೈಮ್ ನೋಡಾಕತ್ತಾರ."